ಅರ್ಧ ವಾಕ್ಯಕ್ಕೆ ಎದ್ದು ಹೋಗುವುದು

ಬರೆಯಬೇಕು ಅನ್ನುವ ಆಸೆ ಬರುವ ಹೊತ್ತೇ ವಿಚಿತ್ರ. ಕೈಗೆ ಸೋಪು ಹಚ್ಚಿಕೊಂಡಾಗ ಬರುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವಾಗ ಬರುತ್ತದೆ. ದೀಪ ಆರಿಸಿ, ಇನ್ನೇನು ಕಣ್ಣು ಹತ್ತಬೇಕು ಅನ್ನುವಾಗ ಬಂದು ತಲೆಯ ಪಕ್ಕ ಕೂರುತ್ತದೆ. ಬರುವುದೂ ಬಿಡಿ ಮಾತಲ್ಲ, ಒಂದಿಡೀ ಪ್ಯಾರಾ. ಅದೇ ನಾವು ಬಾಗಿಲು ಹಾಕಿ, ಕಾಗದ ಮುಂದಿಟ್ಟುಕೊಂಡು, ಸರಿ ಬಾರಪ್ಪಾ ಅಂತ ಕೂತರೆ ಪತ್ತೆ ಇರುವುದಿಲ್ಲ. ಆಗ ಬರುವುದು ಬೇರೆ ಆಸೆಗಳು. ಈ ಡ್ರಾಯರ್ ಒಂದು ಸಲ ಖಾಲಿ ಮಾಡಿ ಜೋಡಿಸಿಬಿಟ್ಟರೆ ಹೇಗೆ?

ಡ್ರಾಯರ್ ಎಳೆದರೆ ಒಂದು ಗಂಟೆ ಹೋಯಿತು ಅಂತಲೇ ಲೆಕ್ಕ. ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ, ಮುಗಿದಿದೆಯೋ ಹೊಸದೋ ತಿಳಿಯದ ಬ್ಯಾಟರಿ, ಒಂದಕ್ಕೊಂದು ಅಂಟಿಕೊಂಡ ರಬ್ಬರ್ ಬ್ಯಾಂಡು, ಮುಚ್ಚಳ ಕಳೆದುಕೊಂಡ ಪೆನ್ನುಗಳು. ಪೆನ್ನುಗಳಲ್ಲಿ ಯಾವುದು ಬರೆಯುತ್ತದೆ ಅಂತ ನೋಡಬೇಡವೇ? ಒಂದು ಹಾಳೆ ತೆಗೆದುಕೊಂಡು ಒಂದೊಂದಾಗಿ ಗೀಚಿ ನೋಡುತ್ತೇವೆ. ಪೆನ್ನು ಪರೀಕ್ಷೆ ಮಾಡುವಾಗ ಯಾರೂ ಕವಿತೆ ಬರೆಯುವುದಿಲ್ಲ, ಸಹಿ ಹಾಕುತ್ತಾರೆ. ಕೊನೆಗೆ ಆ ದಿನದ ಒಟ್ಟು ಸಾಹಿತ್ಯ ಸೇವೆ ಅಂದರೆ ಹಾಳೆ ತುಂಬ ನಮ್ಮದೇ ಸಹಿ. ಪುಸ್ತಕವೊಂದು ಬಿಟ್ಟು ಲೇಖಕನಿಗೆ ಬೇಕಾದದ್ದೆಲ್ಲ ತಯಾರು.

ಹೊಸ ನೋಟ್‌ಬುಕ್ ಕೊಳ್ಳುವುದು ಇದರ ಮುಂದಿನ ಹಂತ. ಗಟ್ಟಿ ರಟ್ಟು, ನುಣ್ಣನೆಯ ಹಾಳೆ, ನಡುವೆ ಒಂದು ರಿಬ್ಬನ್ನು ಬೇರೆ. ಅದರ ಮೊದಲ ಪುಟಕ್ಕೆ ತಾರೀಕು ಹಾಕಿ, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, ಶಾಲೆಯ ಕಾಪಿ ಬರಹದಷ್ಟು ಮುದ್ದಾಗಿ ಶುರು ಮಾಡುತ್ತೇವೆ. ಎರಡನೇ ಪುಟದಲ್ಲಿ ಒಂದು ಪದ ತಪ್ಪಿತೋ, ಮನಸ್ಸು ಕೆಟ್ಟಿತು. ಇಷ್ಟು ಒಳ್ಳೆಯ ಪುಸ್ತಕದಲ್ಲಿ ಕಾಟು ಹೊಡೆಯುವುದೇ? ಅಷ್ಟು ದುಬಾರಿ ಹಾಳೆಯ ಮೇಲೆ ಸಾಧಾರಣ ಯೋಚನೆ ಬರೆಯಲು ಕೈ ಬರುವುದಿಲ್ಲ. ಒಂದು ಬದಿ ಅಚ್ಚಾಗಿ ಇನ್ನೊಂದು ಬದಿ ಖಾಲಿ ಇರುವ ರದ್ದಿ ಹಾಳೆಯೇ ಇದಕ್ಕಿಂತ ವಾಸಿ. ಅದು ಆಗಲೇ ಒಂದು ಸಲ ಬಳಸಿ ಬಿಸಾಡಿದ್ದು. ಅದರ ಮುಂದೆ ಯಾರಿಗೂ ಮುಜುಗರ ಆಗುವುದಿಲ್ಲ.

ದೊಡ್ಡ ಲೇಖಕರೂ ಈ ವಿಷಯದಲ್ಲಿ ನಮ್ಮ ಹಾಗೇ ಇದ್ದರು ಅಂತ ತಿಳಿದಾಗ ಸ್ವಲ್ಪ ಸಮಾಧಾನ. ಜರ್ಮನ್ ಕವಿ ಶಿಲ್ಲರ್ ಮೇಜಿನ ಡ್ರಾಯರಿನಲ್ಲಿ ಕೊಳೆತ ಸೇಬು ಇಟ್ಟುಕೊಳ್ಳುತ್ತಿದ್ದ. ಗೆಳೆಯ ಗಯಟೆ ಒಮ್ಮೆ ಆ ಮೇಜಿನ ಮುಂದೆ ಕೂತು ತಲೆ ಸುತ್ತಿ ಬಂದು ಕಿಟಕಿಗೆ ಹೋಗಬೇಕಾಯಿತು. ಆ ವಾಸನೆ ಇಲ್ಲದೆ ಇವರಿಗೆ ಕೆಲಸ ಸಾಗುವುದಿಲ್ಲ ಅಂದಳಂತೆ ಶಿಲ್ಲರನ ಹೆಂಡತಿ. ಫ್ರಾನ್ಸಿನ ವಿಕ್ಟರ್ ಹ್ಯೂಗೋ 1830ರಲ್ಲಿ ಒಂದು ಕಾದಂಬರಿಯ ಗಡುವಿಗೆ ಸಿಕ್ಕಿಬಿದ್ದಾಗ ಹೊರಗೆ ಹಾಕುವ ಬಟ್ಟೆಯನ್ನೆಲ್ಲ ಬೀಗ ಹಾಕಿಟ್ಟ. ಮೈಗೆ ಕತ್ತಿನಿಂದ ಕಾಲಿನ ತನಕ ಒಂದು ಬೂದು ಬಣ್ಣದ ಉಣ್ಣೆ ಬಟ್ಟೆ, ಮುಂದೆ ಒಂದು ಬಾಟಲಿ ಶಾಯಿ. ಮುಂದಿನ ಜನವರಿಯಲ್ಲಿ ಕಾದಂಬರಿ ಮುಗಿಯಿತು, ಬಾಟಲಿಯೂ ಮುಗಿಯಿತು ಅಂತ ಮನೆಯವರು ಬರೆದಿಟ್ಟಿದ್ದಾರೆ. ಕಥೆ ಚೆನ್ನಾಗಿದೆ. ಆದರೆ ನಾವು ಬಟ್ಟೆಗೆ ಬೀಗ ಹಾಕಿಟ್ಟರೂ ಫೋನು ಹೊರಗೇ ಇರುತ್ತದಲ್ಲ. ಹ್ಯೂಗೋ ಕಾಲದಲ್ಲಿ ಕೆಲಸ ತಪ್ಪಿಸಿಕೊಳ್ಳಬೇಕಾದರೆ ಬೀದಿಗಾದರೂ ಹೋಗಬೇಕಿತ್ತು. ಈಗ ಆ ಶ್ರಮವೂ ಇಲ್ಲ.

ನನಗೆ ಇವರೆಲ್ಲರಿಗಿಂತ ಜಾಸ್ತಿ ಇಷ್ಟವಾಗುವವನು ಆಂಟನಿ ಟ್ರಾಲಪ್. ಇಂಗ್ಲೆಂಡಿನವನು. ಅಂಚೆ ಇಲಾಖೆಯಲ್ಲಿ ನೌಕರಿ, ಊರೂರು ಸುತ್ತುವ ಕೆಲಸ. ಬ್ರಿಟಿಷರಿಗೆ ಬೀದಿ ಬದಿಯ ಅಂಚೆ ಪೆಟ್ಟಿಗೆ ಪರಿಚಯಿಸಿದ ಹೆಸರೂ ಇವನದೇ. ಹೀಗಿದ್ದೂ 47 ಕಾದಂಬರಿ ಬರೆದ. ಹೇಗೆ ಅಂದರೆ, ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು. ಅಷ್ಟು ಹೊತ್ತಿಗೆ ಎಬ್ಬಿಸಿ ಕಾಫಿ ಕೊಡುವ ಮುದುಕ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದ. ನನ್ನ ಯಶಸ್ಸಿನಲ್ಲಿ ಆ ಮುದುಕನ ಪಾಲು ಎಲ್ಲರಿಗಿಂತ ದೊಡ್ಡದು ಅಂತ ಒಪ್ಪಿಕೊಂಡಿದ್ದಾನೆ. ಕೂತ ಮೇಲೆ ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು, ಕಿವಿಗೆ ಹೇಗೆ ಕೇಳಿಸುತ್ತದೆ ಅಂತ ನೋಡುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ವಾರಕ್ಕೆ ಎಷ್ಟು ಪುಟ ಆಯಿತು ಅಂತ ಒಂದು ಡೈರಿಯಲ್ಲಿ ಲೆಕ್ಕ. ಸರಾಸರಿ 40 ಪುಟ. 20ಕ್ಕೆ ಇಳಿದದ್ದೂ ಉಂಟು, 112ಕ್ಕೆ ಏರಿದ್ದೂ ಉಂಟು. ಸ್ಫೂರ್ತಿಗಿಂತ, ಕೂತವನು ಏಳದೆ ಅಂಟಿಕೊಳ್ಳಲಿ ಅಂತ ಕುರ್ಚಿಗೆ ಹಚ್ಚುವ ಚಮ್ಮಾರನ ಮೇಣದ ಮೇಲೆ ನನಗೆ ನಂಬಿಕೆ ಜಾಸ್ತಿ ಅಂದವನು ಅವನು.

ಇದನ್ನೆಲ್ಲ ಅವನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟು 1882ರಲ್ಲಿ ತೀರಿಕೊಂಡ. ಮರು ವರ್ಷ ಅದು ಅಚ್ಚಾದಾಗ ಅನೇಕರು ಮುಖ ಸಿಂಡರಿಸಿದರು. ಇದೇನು ಸಾಹಿತ್ಯವೋ ಗುಮಾಸ್ತಿಕೆಯೋ? ಕಲೆಗಾರ ಅಂದರೆ ತಲೆ ಕೆದರಿಕೊಂಡು, ಕಿಟಕಿಯಾಚೆ ನೋಡುತ್ತಾ ನರಳಬೇಕು, ಗಡಿಯಾರ ನೋಡಿಕೊಂಡು ಪುಟ ಎಣಿಸಬಾರದು ಅನ್ನುವ ನಂಬಿಕೆ ಓದುಗರಿಗೂ ಇದೆ, ಬರೆಯದವರಿಗೆ ಇನ್ನೂ ಜಾಸ್ತಿ ಇದೆ. ಬರೆಯದೆ ಇರಲು ಅದರಷ್ಟು ಗೌರವದ ಕಾರಣ ಬೇರೊಂದಿಲ್ಲ. ಸೋಮಾರಿತನ ಅಂದರೆ ಬೈಗುಳ, ಸ್ಫೂರ್ತಿ ಬಂದಿಲ್ಲ ಅಂದರೆ ಮರ್ಯಾದೆ.

ಎದುರು ಪಕ್ಷದಲ್ಲಿ ಪ್ರಾಗಿನ ಕಥೆಗಾರ ಕಾಫ್ಕಾ ಇದ್ದಾನೆ ಅನ್ನಿ. 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕೂತು, ಬೆಳಿಗ್ಗೆ ಆರಕ್ಕೆ ಒಂದು ಇಡೀ ಕಥೆ ಮುಗಿಸಿ ಎದ್ದ. ಕಾಲು ಮರಗಟ್ಟಿ ಮೇಜಿನ ಅಡಿಯಿಂದ ಎಳೆದುಕೊಳ್ಳಲೂ ಆಗಲಿಲ್ಲವಂತೆ. ಬರೆಯುವುದಾದರೆ ಹೀಗೇ ಬರೆಯಬೇಕು ಅಂತ ಡೈರಿಯಲ್ಲಿ ಕುಣಿದಾಡಿದ್ದಾನೆ. ನಿಜ, ಅಂಥ ರಾತ್ರಿ ಸಿಕ್ಕರೆ ಯಾರು ಬೇಡ ಅಂತಾರೆ? ಆದರೆ ಅವನ ಮೂರು ಕಾದಂಬರಿಗಳೂ ಮುಗಿಯದೆ ಉಳಿದವು. ಒಂದೇ ರಾತ್ರಿಯಲ್ಲಿ ಹಿಡಿಸುವಷ್ಟು ಕಾದಂಬರಿ ಇರುವುದಿಲ್ಲ, ಅಲ್ವಾ?

ರೂಢಿ ಅಂದ ಕೂಡಲೇ ಯಾರಾದರೂ ಇಪ್ಪತ್ತೊಂದು ದಿನದ ಲೆಕ್ಕ ಹೇಳದೆ ಬಿಡುವುದಿಲ್ಲ. 21 ದಿನ ಹಲ್ಲು ಕಚ್ಚಿ ಮಾಡು, ಆಮೇಲೆ ತಾನೇ ಆಗುತ್ತದೆ ಅಂತ. ಈ 21 ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ಅವರು ಹೇಳಿದ್ದು, ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಕನ್ನಡಿಯಲ್ಲಿ ಒಗ್ಗಲು ಕಡಿಮೆಯೆಂದರೂ 21 ದಿನ ಬೇಕು ಅಂತ. ಬಾಯಿಂದ ಬಾಯಿಗೆ ಹೋಗುವಾಗ ಮುಖ ಉದುರಿತು, ‘ಕಡಿಮೆಯೆಂದರೂ’ ಉದುರಿತು, ಸಂಖ್ಯೆಯೊಂದು ಉಳಿಯಿತು. 2010ರಲ್ಲಿ ಅಚ್ಚಾದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನ ಇದನ್ನು ನಿಜವಾಗಿ ಅಳೆದು ನೋಡಿತು. 96 ಜನ, 12 ವಾರ. ರೂಢಿ ಗಟ್ಟಿಯಾಗಲು ಬೇಕಾದದ್ದು ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ, ಆ 12 ವಾರದ ಗತಿ ನೋಡಿ ಹಾಕಿದ ಅಂದಾಜಿನಲ್ಲಿ, 254 ದಿನ, ನಡುವಿನ ಲೆಕ್ಕ 66. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಇಲ್ಲ ಅಂತಲೂ ಗೊತ್ತಾಯಿತು.

ಆದರೆ ಆ 96 ಜನ ರೂಢಿ ಮಾಡಿಕೊಂಡದ್ದು ಏನು? ಊಟದ ಜೊತೆ ನೀರು ಕುಡಿಯುವುದು, ಹಣ್ಣು ತಿನ್ನುವುದು, ಓಡುವುದು, ಇಂಥವು. ನೀರು ಒಂದು ಸಲ ಅಭ್ಯಾಸವಾದರೆ ಮುಗಿಯಿತು, ಅದು ತಿರುಗಿ ಮಾತಾಡುವುದಿಲ್ಲ. ‘ನಿನ್ನೆ ಕುಡಿದಷ್ಟು ಚೆನ್ನಾಗಿ ಇವತ್ತು ಕುಡಿದೆಯಾ?’ ಅಂತ ಲೋಟ ಕೇಳುವುದಿಲ್ಲ. ಬರವಣಿಗೆ ದಿನಾ ಕೇಳುತ್ತದೆ. ಎಷ್ಟು ವರ್ಷ ಬರೆದರೂ ಮುಂದಿನ ವಾಕ್ಯ ತಾನಾಗಿ ಬರುವ ರೂಢಿ ಯಾರಿಗೂ ಆಗುವುದಿಲ್ಲ. ಹಾಗೆ ತಾನಾಗಿ ಬಂದರೆ ಅದು ಹಿಂದೆ ಎಲ್ಲೋ ಓದಿದ ವಾಕ್ಯವಾಗಿರುತ್ತದೆ. ರೂಢಿಯಾಗುವುದು ಬರೆಯುವುದಲ್ಲ, ಕೂರುವುದು. ಅದೇ ಹೊತ್ತು, ಅದೇ ಜಾಗ, ಕಾಲು ಅದರ ಪಾಡಿಗೆ ಅಲ್ಲಿಗೆ ಹೋಗಿ ಕೂರಿಸಬೇಕು. ಮುಂದಿನದು ದಿನಾ ಹೊಸ ಕಾಳಗ.

ಆ ಕಾಳಗವನ್ನು ಸ್ವಲ್ಪ ಹಗುರ ಮಾಡುವ ಉಪಾಯ ಒಂದಿದೆ. ಅದು ಶುರು ಮಾಡುವುದರಲ್ಲಿ ಇಲ್ಲ, ನಿಲ್ಲಿಸುವುದರಲ್ಲಿದೆ. ಎಷ್ಟು ಗಂಟೆಗೆ ಏಳಬೇಕು, ಯಾವ ಪೆನ್ನು ಅಂತೆಲ್ಲ ಎಲ್ಲರೂ ಹೇಳುತ್ತಾರೆ. ಎಲ್ಲಿ ಎದ್ದು ಹೋಗಬೇಕು ಅಂತ ಹೇಳುವವರು ಕಡಿಮೆ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೇಳಿದ್ದ: ಚೆನ್ನಾಗಿ ಸಾಗುತ್ತಿರುವಾಗಲೇ, ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ನಿಲ್ಲಿಸಬೇಕು. ಕೇಳಲು ಸುಲಭ, ಮಾಡಲು ಹಿಂಸೆ. ದಿನವಿಡೀ ಕೈಕೊಟ್ಟ ಪದಗಳು ಈಗ ಸಾಲಾಗಿ ಬರುತ್ತಿವೆ, ಎದ್ದು ಹೋಗು ಅಂದರೆ ಯಾರಿಗೆ ತಾನೇ ಮನಸ್ಸು ಬಂದೀತು? ಪೂರ್ತಿ ಬರಿದು ಮಾಡಿಯೇ ಏಳುತ್ತೇವೆ. ಪ್ಯಾರಾ ಮುಗಿಯಿತು, ಅಧ್ಯಾಯ ಮುಗಿಯಿತು, ಮೈ ಮುರಿದು ಎದ್ದೆವು. ಮಾರನೇ ದಿನ ಬಂದರೆ ಎದುರಿಗೆ ಖಾಲಿ ಹಾಳೆ. ಒಲೆ ಪೂರ್ತಿ ತಣ್ಣಗಾಗಿದೆ. ಬೂದಿಯ ಕೆಳಗೆ ಒಂದು ಕೆಂಡ ಉಳಿಸಿ ಹೋಗಿದ್ದರೆ ಊದಿದರೆ ಸಾಕಿತ್ತು.

ಹಾಗಾಗಿ ನನ್ನ ಪದ್ಧತಿ ಅಂತ ಏನಾದರೂ ಇದ್ದರೆ ಇಷ್ಟೇ. ವಾಕ್ಯದ ನಡುವೆ ಎದ್ದುಬಿಡುವುದು. ಕ್ರಿಯಾಪದ ನಾಳೆಗೆ. ಕನ್ನಡ ಇದಕ್ಕೆ ಹೇಳಿ ಮಾಡಿಸಿದ ಭಾಷೆ. ಯಾರು, ಎಲ್ಲಿ, ಯಾಕೆ ಎಲ್ಲ ಬಂದಿರುತ್ತದೆ, ಏನು ಮಾಡಿದ ಅನ್ನುವುದೊಂದು ಬಾಕಿ. ಮಾರನೇ ದಿನ ಕೂತ ಕೂಡಲೇ ಆ ಒಂದು ಪದ ಹಾಕಬೇಕು, ಹಾಕಿದರೆ ಆ ದಿನದ ಮೊದಲ ವಾಕ್ಯ ಆಗಿಯೇಹೋಯಿತು. ಏಳುವ ಮುಂಚೆ ಕೆಳಗೆ ಒಂದು ಚೀಟಿ ಬರೆದಿಡುವುದೂ ಒಳ್ಳೆಯದು, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ: ‘ಬಾಗಿಲು ತಟ್ಟಿದ್ದು ಯಾರು ಅಂತ ಇಲ್ಲೇ ಹೇಳಿಬಿಡು. ಜಾಸ್ತಿ ಎಳೆಯಬೇಡ. ಬೆಕ್ಕಿನ ವಿಷಯ ಬೇಡ.’ ಮಾರನೇ ದಿನ ನೋಡಿದರೆ ಯಾವ ಬೆಕ್ಕು ಅಂತ ನೆನಪೇ ಇರುವುದಿಲ್ಲ. ಆ ಬೆಕ್ಕು ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತಾ ಅರ್ಧ ಪುಟ ಆಗಿಬಿಟ್ಟ ದಿನವೂ ಉಂಟು.

ತಿದ್ದುವುದನ್ನು ಮಾತ್ರ ಅದೇ ಹೊತ್ತಿನಲ್ಲಿ ಮಾಡಬಾರದು. ಬರೆದ ಬಿಸಿಯಲ್ಲಿ ಎಲ್ಲವೂ ಅಮೋಘವಾಗಿ ಕಾಣುತ್ತದೆ, ಇಲ್ಲವೇ ಎಲ್ಲವೂ ಕಸವಾಗಿ ಕಾಣುತ್ತದೆ. ಎರಡೂ ಸುಳ್ಳು. ತಿಂಗಳು ಬಿಟ್ಟು ಜೋರಾಗಿ ಓದಿದರೆ ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲಿ ಬೊಗಳೆ ಬಿಟ್ಟಿದ್ದೇವೆ ಅಂತ ನಾಲಿಗೆಗೇ ಗೊತ್ತಾಗುತ್ತದೆ. ತಮಾಷೆ ಅಂದರೆ, ಪದಗಳು ಧಾರಾಳವಾಗಿ ಹರಿದು ಬಂದ ದಿನದ ಪುಟಗಳಲ್ಲೇ ವಿಶೇಷಣಗಳ ಜಾತ್ರೆ ಜಾಸ್ತಿ. ತಿಣುಕಿ ಬರೆದ ದಿನದ ಪುಟ ಸಣಕಲಾದರೂ ನೆಟ್ಟಗಿರುತ್ತದೆ.

ತಪ್ಪಿದ ದಿನದ ಬಗ್ಗೆ ಟ್ರಾಲಪ್ ಕಟುವಾಗಿದ್ದ. ಪುಟ ಕಡಿಮೆಯಾದ ವಾರ ಅವನಿಗೆ ಕಣ್ಣಲ್ಲಿ ಎದ್ದ ಬೊಬ್ಬೆಯಂತೆ ಕಾಣುತ್ತಿತ್ತು. ನಾನು ಅಷ್ಟು ದೂರ ಹೋಗಲಾರೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಒಮ್ಮೊಮ್ಮೆ ಏನೂ ಬರದೆಯೂ ದಿನ ಹೋಗುತ್ತದೆ. ಹೋದ ದಿನದ ಬಾಕಿಯನ್ನು ಮಾರನೇ ದಿನ ಸೇರಿಸಿ ತೀರಿಸಲು ಹೋಗಬಾರದು, ಅಷ್ಟೇ. ಎರಡು ದಿನದ್ದು ಒಟ್ಟಿಗೆ ಅಂದರೆ ಕೂರುವುದಕ್ಕೇ ಭಯ. ಹಾಗೆ ಬಡ್ಡಿ ಬೆಳೆದು ಬೆಳೆದು ಬರವಣಿಗೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ನಮ್ಮ ರೂಢಿ ನಮಗಿಂತ ಮೊದಲು ಮನೆಯವರಿಗೆ ಆಗುತ್ತದೆ. ಶುರುವಿನಲ್ಲಿ ಅವರು ‘ಏನು ಬರೀತಾ ಇದ್ದೀರಿ?’ ಅಂತ ಕುತೂಹಲದಿಂದ ಕೇಳುತ್ತಾರೆ. ‘ಸುಮ್ನೆ’ ಅನ್ನುವ ಉತ್ತರ ಕೇಳಿ ಕೇಳಿ ಸಾಕಾಗಿ ಅದನ್ನು ಬಿಡುತ್ತಾರೆ. ಆಮೇಲೆ ಆ ಹೊತ್ತಿಗೆ ನಾವು ಅಂಗಳದಲ್ಲಿ ಅಡ್ಡಾಡುತ್ತಿದ್ದರೆ ‘ಇವತ್ತು ಕೂರಲ್ವಾ?’ ಅಂತ ಅವರೇ ಕೇಳುತ್ತಾರೆ. ಯಾರಾದರೂ ಫೋನ್ ಮಾಡಿದರೆ ‘ಕೂತಿದ್ದಾರೆ, ಆಮೇಲೆ ಮಾಡಿ’ ಅಂತ ಇಟ್ಟುಬಿಡುತ್ತಾರೆ. ಎಲ್ಲಿ ಕೂತಿದ್ದಾರೆ, ಯಾಕೆ ಕೂತಿದ್ದಾರೆ ಅಂತ ಆ ಕಡೆಯವರು ಏನು ತಿಳಿದುಕೊಂಡರೋ, ಅದನ್ನು ಬಿಡಿಸಿ ಹೇಳುವ ಗೋಜಿಗೆ ನಮ್ಮ ಮನೆಯಲ್ಲಿ ಇನ್ನೂ ಯಾರೂ ಹೋಗಿಲ್ಲ.