ಗ್ರೀಸ್ ಸುಸ್ತಿಯಾಗಬೇಕಿದ್ದದ್ದು 2010ರಲ್ಲಿ

2015ರ ಜೂನ್ 29ರಂದು ಗ್ರೀಸ್‌ನ ಬ್ಯಾಂಕುಗಳು ಬಾಗಿಲು ತೆರೆಯಲಿಲ್ಲ. ಎಟಿಎಂನಿಂದ ದಿನಕ್ಕೆ 60 ಯೂರೊ ಮಾತ್ರ. 20ರ ನೋಟು ಮುಗಿದಿದ್ದರೆ 50ಕ್ಕೇ ಸುಮ್ಮನಾಗಬೇಕು. ಕಾರ್ಡ್ ಇಲ್ಲದ ಪಿಂಚಣಿದಾರರಿಗೆಂದು ಆ ವಾರ ಕೆಲವು ಶಾಖೆಗಳನ್ನು ತೆರೆದು ತಲಾ 120 ಯೂರೊ ಕೊಟ್ಟರು. ಥೆಸಲೋನಿಕಿಯಲ್ಲಿ ಬ್ಯಾಂಕಿನ ಮುಂದೆ ನೆಲಕ್ಕೆ ಕುಸಿದು ಅಳುತ್ತಿದ್ದ ವೃದ್ಧರೊಬ್ಬರ ಚಿತ್ರ ಜಗತ್ತಿನಾದ್ಯಂತ ಪತ್ರಿಕೆಗಳಲ್ಲಿ ಬಂತು. ಪಾಸ್‌ಬುಕ್ ಪಕ್ಕದಲ್ಲೇ ಬಿದ್ದಿತ್ತು.

ಗ್ರೀಸ್ ಮಾತು ಬಂದರೆ ಸಾಕು, “ಸೋಮಾರಿಗಳು, ಸಾಲ ಮಾಡಿ ಉಂಡರು” ಎಂದು ತೀರ್ಪು ಕೊಟ್ಟುಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯುರೋಪಿನಲ್ಲಿ ವರ್ಷಕ್ಕೆ ಅತಿ ಹೆಚ್ಚು ಗಂಟೆ ದುಡಿಯುವವರಲ್ಲಿ ಗ್ರೀಕರೂ ಇದ್ದಾರೆ. ಬಜೆಟ್ ಕೊರತೆಯನ್ನು ಮುಚ್ಚಿಟ್ಟದ್ದು ಅವರ ಸರ್ಕಾರಗಳು. 2009ರ ಕೊರತೆ ಜಿಡಿಪಿಯ ಶೇ 15ನ್ನು ದಾಟಿತ್ತೆಂಬುದು ಬಯಲಾದದ್ದು ಆಮೇಲೆ. ಆ ತಪ್ಪಿಗೆ ಕ್ಷಮೆ ಇಲ್ಲ.

ಆದರೆ 2010ರ ಮೇ ತಿಂಗಳಲ್ಲಿ ಯೂರೊ ದೇಶಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ಘೋಷಿಸಿದ 110 ಶತಕೋಟಿ ಯೂರೊ ‘ನೆರವು’ ಯಾರನ್ನು ಉಳಿಸಿತು? ಬಹುಪಾಲು ಹಳೆಯ ಬಾಂಡ್ (ಸರ್ಕಾರದ ಸಾಲಪತ್ರ), ಬಡ್ಡಿಗಳಿಗೇ ಹೋಯಿತು. ಆ ಹಳೆಯ ಸಾಲ ಕೊಟ್ಟವರಲ್ಲಿ ಫ್ರಾನ್ಸ್, ಜರ್ಮನಿಯ ದೊಡ್ಡ ಬ್ಯಾಂಕುಗಳಿದ್ದವು. ನಮ್ಮ ಹಳ್ಳಿಯ ಸೊಸೈಟಿಗಳಲ್ಲಿ ಹಳೆಯ ಸಾಲ ಚುಕ್ತಾ ಎಂದು ತೋರಿಸಿ ಹೊಸ ಸಾಲ ಬರೆಯುತ್ತಾರಲ್ಲ, ರೈತನ ಕೈಗೆ ಬಿಡಿಗಾಸೂ ಬಾರದೆ ಪುಸ್ತಕದಲ್ಲಿ ಅಸಲು ಬೆಳೆದಿರುತ್ತದೆ, ಅದೇ ವ್ಯವಹಾರ ಇದು. ಗ್ರೀಸ್ ಆಗಲೇ ಸುಸ್ತಿಯಾಗಿ, ಅಂದರೆ ಸಾಲ ತೀರಿಸಲಾಗದೆಂದು ಹೇಳಿ, ಕಡಿತ ಪಡೆಯಬೇಕಿತ್ತು. ಖಾಸಗಿಯವರ ಬಾಂಡುಗಳ ಮುಖಬೆಲೆಯಲ್ಲಿ ಶೇ 53.5ರಷ್ಟು ಕತ್ತರಿಸಿದ್ದು 2012ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಜಾಣರು ಜಾಗ ಖಾಲಿ ಮಾಡಿದ್ದರು. ಕತ್ತರಿ ಗ್ರೀಸ್‌ನದೇ ಬ್ಯಾಂಕುಗಳ ಮೇಲೂ ಪಿಂಚಣಿ ನಿಧಿಗಳ ಮೇಲೂ ಬಿತ್ತು. 2013ರಲ್ಲಿ ನಿರುದ್ಯೋಗ ಶೇ 27 ಮುಟ್ಟಿತು.

ಹಾಗಾದರೆ ಯೂರೊ ಬಿಟ್ಟು ಗ್ರೀಸ್‌ನ ಹಳೆಯ ಕರೆನ್ಸಿ ಡ್ರಾಕ್ಮಾಗೆ ಮರಳಬಹುದಿತ್ತಲ್ಲ ಎಂದು ಎಡಪಂಥೀಯ ಗೆಳೆಯರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ನೋಟು ಬದಲಾದರೂ ಸಾಲ ಯೂರೊದಲ್ಲೇ ಉಳಿಯುತ್ತಿತ್ತು. 2012ರ ಹೊಸ ಬಾಂಡುಗಳು ಇಂಗ್ಲಿಷ್ ಕಾನೂನಿನಡಿ ಇದ್ದವು, ಅಥೆನ್ಸ್‌ನ ಸಂಸತ್ತು ಅವನ್ನು ಡ್ರಾಕ್ಮಾಗೆ ಬದಲಿಸುವಂತಿರಲಿಲ್ಲ. ತೈಲ, ಔಷಧಿ ಹೊರಗಿನಿಂದ ಬರಬೇಕು. ಉಳ್ಳವರು ಹಣವನ್ನು ಆಗಲೇ ವಿದೇಶಕ್ಕೆ ಸಾಗಿಸಿದ್ದರು. ಅಪಮೌಲ್ಯದ ಪೆಟ್ಟು ಬೀಳುತ್ತಿದ್ದದ್ದು ಆ 120 ಯೂರೊಗೆ ಕಾದವರ ಮೇಲೆಯೇ.

2015ರ ಜುಲೈ 5ರ ಜನಮತಗಣನೆಯಲ್ಲಿ ಶೇ 61ರಷ್ಟು ಮಂದಿ ಸಾಲ ಕೊಟ್ಟವರ ಷರತ್ತು ಬೇಡ ಎಂದರು. ವಾರ ಕಳೆಯುವಷ್ಟರಲ್ಲಿ ಪ್ರಧಾನಿ ಸಿಪ್ರಾಸ್ ಬ್ರಸೆಲ್ಸ್‌ನಲ್ಲಿ 17 ಗಂಟೆಗಳ ಮಾತುಕತೆಯ ಕೊನೆಗೆ ಇನ್ನೂ ಕಠಿಣ ಷರತ್ತುಗಳಿಗೆ ತಲೆಬಾಗಿದರು. ಅವರನ್ನು ದ್ರೋಹಿ ಎನ್ನಲು ನನಗೆ ಮನಸ್ಸಿಲ್ಲ. ಗ್ರೀಸ್‌ನ ಬ್ಯಾಂಕುಗಳಿಗೆ ಕೊಡುವ ತುರ್ತು ನಗದು ಹೆಚ್ಚಿಸುವುದಿಲ್ಲ ಎಂದು ಯುರೋಪಿಯನ್ ಕೇಂದ್ರೀಯ ಬ್ಯಾಂಕ್ ಜೂನ್ 28ರಂದೇ ಹೇಳಿಬಿಟ್ಟಿತ್ತು. ಸ್ವಂತ ಕರೆನ್ಸಿ ಇಲ್ಲದ ದೇಶದ ಮುಂದೆ ಬೇರೆ ಯಾವ ದಾರಿ ಇತ್ತು?

1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಸಾಲದಲ್ಲಿ ಸುಮಾರು ಅರ್ಧ ಮನ್ನಾ ಆಯಿತು. ಸಹಿ ಹಾಕಿದ ದೇಶಗಳಲ್ಲಿ ಗ್ರೀಸ್ ಕೂಡ ಇತ್ತು. ಗ್ರೀಸ್‌ಗೋ, ಒಂದು ಪಾಲು ಸಾಲದ ಅಸಲು-ಬಡ್ಡಿಯನ್ನು 10 ವರ್ಷ ಮುಂದೂಡಲು ಯೂರೊ ದೇಶಗಳು ಒಪ್ಪಿದ್ದು 2018ರ ಜೂನ್‌ನಲ್ಲಿ. ಕೊಡಬಹುದಿತ್ತು ಎಂದಾಯಿತಲ್ಲ. ಎಂಟು ವರ್ಷ ಮೊದಲೇ ಕೊಡಲು ಏನು ಅಡ್ಡಿಯಿತ್ತು ಎಂಬುದಕ್ಕೆ ಬರ್ಲಿನ್‌ನಿಂದಾಗಲಿ ಬ್ರಸೆಲ್ಸ್‌ನಿಂದಾಗಲಿ ನಾನು ಒಪ್ಪುವಂಥ ಉತ್ತರ ಇದುವರೆಗೂ ಬಂದಿಲ್ಲ.