ಶಾಂತಿ ಸಭೆಗೆ ಹುಡುಗರನ್ನೂ ಕರೆಯಿರಿ

ಗಣೇಶ ಹಬ್ಬ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ಪೊಲೀಸ್ ಠಾಣೆಗಳಲ್ಲಿ ಹಿಂದೂ-ಮುಸ್ಲಿಮರ ಶಾಂತಿ ಸಭೆ ಶುರು. ನಾನೂ ಹೋಗಿ ಕೂತಿದ್ದೇನೆ. ಪ್ಲಾಸ್ಟಿಕ್ ಕುರ್ಚಿ, ಅರ್ಧ ಕಪ್ ಚಹಾ, ಮುಂದಿನ ಸಾಲಿನಲ್ಲಿ ಅವೇ ಮುಖಗಳು. ಆ ಕಡೆಯ ಹಿರಿಯರು, ಈ ಕಡೆಯ ಹಿರಿಯರು, ಒಂದಿಬ್ಬರು ಮಾಜಿ ಕಾರ್ಪೊರೇಟರ್. ನಮ್ಮದು ಶರೀಫಜ್ಜನ ನಾಡು ಅಂತ ಎಲ್ಲರೂ ಹೇಳುತ್ತಾರೆ. ಡಿಜೆ ಸೌಂಡ್ ಕಡಿಮೆ ಇರಲಿ ಅಂತ ಸಾಹೇಬರು ಹೇಳುತ್ತಾರೆ. ಮುಗೀತು. ಐವತ್ತು ದಾಟದವರು ಕಾಣುವುದೇ ಅಪರೂಪ. ಹೆಣ್ಣುಮಕ್ಕಳಂತೂ ಇಲ್ಲವೇ ಇಲ್ಲ.

ಶರೀಫಜ್ಜನ ಬಗ್ಗೆ ನನ್ನ ತಕರಾರಿಲ್ಲ. ಶಿಶುನಾಳದ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಆದರೆ ರಾತ್ರಿ ಹತ್ತಕ್ಕೆ ಮೊಬೈಲ್ ನೋಡಿ ರಕ್ತ ಕುದಿಸಿಕೊಂಡ ಹದಿನೆಂಟರ ಹುಡುಗನನ್ನು ಆ ಹೆಸರೊಂದೇ ತಡೆಯುತ್ತದಾ?

2022ರ ಏಪ್ರಿಲ್ 16 ನೆನಪಿದೆಯಲ್ಲ. ಒಬ್ಬ ಯುವಕ ಮುಸ್ಲಿಮರನ್ನು ಕೆರಳಿಸುವಂಥ ವಾಟ್ಸಾಪ್ ಸ್ಟೇಟಸ್ ಹಾಕಿದ. ದೂರು ಬಂತು, ಪೊಲೀಸರು ಅವನನ್ನು ಹಿಡಿದೂ ಆಯಿತು. ಆದರೂ ಹಳೇ ಹುಬ್ಬಳ್ಳಿ ಠಾಣೆ ಮುಂದೆ ಜನ ಸೇರಿದರು, ಕಲ್ಲು ಬಿದ್ದವು, ಪೊಲೀಸರಿಗೇ ಪೆಟ್ಟಾಯಿತು. ಕಾನೂನು ತನ್ನ ಕೆಲಸ ಮಾಡಿತ್ತು. ಅದನ್ನು ಹೇಳಿ ಗುಂಪನ್ನು ಮನೆಗೆ ಕಳಿಸಲು ಮಾತ್ರ ಯಾರ ಮಾತೂ ನಡೆಯಲಿಲ್ಲ.

ಆಮೇಲೆ ನೂರಕ್ಕೂ ಹೆಚ್ಚು ಜನರ ಬಂಧನ, ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯಡಿ ಕೇಸು. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಕೇಸು ಹಿಂಪಡೆಯಲು ಹೊರಟಿತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಎಲ್ಲ ಪಕ್ಷದವರಿಗೂ ಭಾಷಣಕ್ಕೆ ಸರಕು ಸಿಕ್ಕಿತು, ಬಿಡಿ. ನನ್ನ ಮಾತು ಇಷ್ಟೇ. ಕಲ್ಲೆಸೆದವನ ಕೇಸನ್ನು ವಾಪಸ್ ತೆಗೆಯುವುದು ತಪ್ಪು. ಸುಮ್ನೆ ನಿಂತು ನೋಡಿದವನು ಅದೇ ಕೇಸಿನಲ್ಲಿ ವರ್ಷಗಟ್ಟಲೆ ಕೊಳೆಯುವುದೂ ತಪ್ಪು. ನಿಷೇಧಿತ ಸಂಘಟನೆ ಸಿಮಿಯ ಹೆಸರಿನ 2008ರ ಕೇಸಿನಲ್ಲಿ ಹುಬ್ಬಳ್ಳಿ ಕೋರ್ಟ್ 17 ಆರೋಪಿಗಳನ್ನು ಖುಲಾಸೆ ಮಾಡಿದ್ದು 2015ರಲ್ಲಿ. ಏಳು ವರ್ಷ! ಹುಡುಗರ ತಲೆ ಕೆಡಿಸುವವರಿಗೆ ಇದಕ್ಕಿಂತ ಒಳ್ಳೆ ಕಥೆ ಬೇಕಾ? ಹುಬ್ಬಳ್ಳಿಯ ಈದ್ಗಾ ಮೈದಾನ ಯಾರದೆಂಬ ತಕರಾರೂ ಅಷ್ಟೇ. 1994ರಲ್ಲಿ ಗೋಲಿಬಾರಾಗಿ ಜೀವಗಳು ಹೋದವು. ಜಾಗ ಪಾಲಿಕೆಯದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ. ತೀರ್ಪು ತಡವಾದಷ್ಟೂ ಅದರ ಬದಲು ಗಾಳಿಸುದ್ದಿ ಬೆಳೆಯುತ್ತದೆ.

ಹಾವೇರಿ, ಗದಗ ಕಡೆಯ ಹಳ್ಳಿಗಳ ಮೊಹರಂ ನೋಡಿ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಪಂಜಾ, ಅಂದರೆ ಮೊಹರಂ ದೇವರ ಹಸ್ತ, ಕೂರಿಸುತ್ತಾರೆ. ಬೆಂಕಿ ಹಾಕುವ ಕುಣಿಗೆ ಕಟ್ಟಿಗೆ ತರುವವರು ಒಬ್ಬರು, ಡೋಲಿ ಹೊರುವವರು ಇನ್ನೊಬ್ಬರು. ಕುಣಿಯುವ ಹೆಜ್ಜೆಮೇಳದ ಹುಡುಗರಲ್ಲಿ ಯಾರು ಯಾವ ಜಾತಿ ಅಂತ ಕೇಳಿದರೆ ಬೈಸಿಕೊಳ್ಳುತ್ತೀರಿ. ಎಲ್ಲ ಊರಲ್ಲೂ ಹೀಗೇ ಅಂತಲ್ಲ. ಈಗೀಗ ಕೆಲವು ಕಡೆ "ಅದು ಅವರ ಹಬ್ಬ, ನಮಗ್ಯಾಕೆ" ಅನ್ನುವ ಮಾತೂ ಕೇಳುತ್ತದೆ. ಆದರೂ ಅಲ್ಲಿ ಹುಡುಗರಿಗೆ ಕೈತುಂಬ ಕೆಲಸ. ಹಬ್ಬದ ಪಟ್ಟಿ (ವಂತಿಗೆ) ಎತ್ತಬೇಕು, ಲೆಕ್ಕ ಒಪ್ಪಿಸಬೇಕು. ಲೆಕ್ಕದಲ್ಲಿ ಜಗಳವೂ ಆಗುತ್ತದೆ. ಜಗಳ ಆಡಲಿಕ್ಕಾದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಬೇಕಲ್ವಾ? ನಮ್ಮ ನಗರದ ಓಣಿಗಳಲ್ಲಿ ಅಷ್ಟೂ ಉಳಿದಿಲ್ಲ.

ಈಚಿನ ವರ್ಷಗಳಲ್ಲಿ ಗಣೇಶ ಹಬ್ಬವೂ ಈದ್ ಮಿಲಾದೂ ಹತ್ತಿರ ಹತ್ತಿರ ಬಂದಿವೆ. ಹಾಗಾಗಿ ಪ್ರತಿ ಗಣೇಶ ಮಂಡಳಿಯಿಂದ ಇಬ್ಬರು, ಪ್ರತಿ ಮಸೀದಿಯ ಜಮಾತಿನಿಂದ ಇಬ್ಬರು, ಎಲ್ಲರೂ ಇಪ್ಪತ್ತೈದರ ಒಳಗಿನವರು, ತಿಂಗಳ ಮೊದಲೇ ಕೂರಲಿ. ಯಾವ ಮೆರವಣಿಗೆ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಅಂತ ಅವರೇ ಬರೆದು ಠಾಣೆಗೆ ಕೊಡಲಿ. ಹೋಗುವಾಗ ಫೋನ್ ನಂಬರ್ ಬದಲಾಯಿಸಿಕೊಳ್ಳಲಿ. ಹಿರಿಯರು ಬೇಕಾದರೆ ಹಿಂದಿನ ಸಾಲಿನಲ್ಲಿ ಕೂರಬಹುದು, ಚಹಾ ಅಲ್ಲಿಗೂ ಬರುತ್ತದೆ.