ಟಿವಿಗೆ ಕಂಪ್ಯೂಟರ್ ಜೋಡಿಸುವುದಕ್ಕೆ ಇಷ್ಟು ಕಾಟ ಯಾಕೆ ಕೊಡುತ್ತೀರಿ?

ಟಿವಿ ಮಾಡುವ ಕಂಪನಿಗಳಿಗೆ ನನ್ನದೊಂದು ನೇರ ಪ್ರಶ್ನೆ. ಕಂಪ್ಯೂಟರ್ ಕಳಿಸಿದ ಚಿತ್ರವನ್ನು ಇದ್ದದ್ದು ಇದ್ದ ಹಾಗೆ ತೋರಿಸಲು ನಿಮಗೇನು ಕಷ್ಟ? ಕತ್ತರಿಸಿ, ಎಳೆದು, ಬಣ್ಣ ಕೆಡಿಸಿ ಯಾಕೆ ತೋರಿಸುತ್ತೀರಿ? ಅದನ್ನು ನಿಲ್ಲಿಸುವ ಸೆಟ್ಟಿಂಗನ್ನು ಮೆನುವಿನ ಯಾವುದೋ ಮೂಲೆಯಲ್ಲಿ, ಯಾರಿಗೂ ಅರ್ಥವಾಗದ ಹೆಸರಿಟ್ಟು ಯಾಕೆ ಬಚ್ಚಿಡುತ್ತೀರಿ?

ನಾವು ಕೇಳಿದ್ದು ದೊಡ್ಡದೇನಲ್ಲ. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಫೋನಿನ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಬೆಳಿಗ್ಗೆ ಪೇಪರ್ ಓದದಿದ್ದರೆ ಅವರಿಗೆ ಕಾಫಿ ಸೇರುವುದಿಲ್ಲ. ತಮ್ಮ ಮಸ್ಕತ್‌ನಲ್ಲಿದ್ದಾನೆ, ಶುಕ್ರವಾರ ರಜೆ, ಆವತ್ತು ವಿಡಿಯೊ ಕಾಲ್ ಮಾಡುತ್ತಾನೆ. ಲ್ಯಾಪ್‌ಟಾಪನ್ನು ಹಾಲ್‌ನಲ್ಲಿರುವ 43 ಇಂಚಿನ ಟಿವಿಗೆ ಹಾಕಿದರೆ ಪೇಪರೂ ಆಯಿತು, ಮಗನ ಮುಖವೂ ಆಯಿತು ಅಂದುಕೊಂಡೆವು. ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಮುಗೀತು ಅಂತ ಅಂಗಡಿಯವರೂ ಹೇಳಿದ್ದರು.

ಚುಚ್ಚಿದೆವು. ಚಿತ್ರ ಬಂತು. ಆದರೆ ಕೆಳಗಿನ ಟಾಸ್ಕ್‌ಬಾರ್ ಅರ್ಧಕ್ಕಿಂತ ಜಾಸ್ತಿ ಮಾಯ. ಮೇಲೆ ಬಲಗಡೆ ವಿಂಡೋ ಮುಚ್ಚುವ ಇಂಟು ಗುರುತು ಟಿವಿಯ ಅಂಚಿನಾಚೆ ಎಲ್ಲೋ ಇದೆ. ಮೌಸ್ ಬಾಣ ಅಲ್ಲಿಗೆ ಹೋಗಿ ಕಣ್ಮರೆಯಾಗುತ್ತದೆ. ಅಂದಾಜಿನ ಮೇಲೆ ಒತ್ತಬೇಕು.

ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಹಳೆಯ ಡಬ್ಬಾ ಟಿವಿಗಳ ಕಾಲದ ಪದ್ಧತಿ. ಪಿಕ್ಚರ್ ಟ್ಯೂಬಿನಲ್ಲಿ ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಒಂದಿಷ್ಟು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಆ ಕುಂದು ಕಾಣಬಾರದು ಅಂತ ಚಿತ್ರವನ್ನೇ ಸ್ವಲ್ಪ ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ತಳ್ಳುತ್ತಿದ್ದರು. ಆಗ ಅದು ಸರಿಯೇ. ಈಗಿನ ಪರದೆಯಲ್ಲಿ ಪ್ರತಿ ಚುಕ್ಕೆಗೂ ಲೆಕ್ಕವಿದೆ, ಜಾಗವಿದೆ. ಲ್ಯಾಪ್‌ಟಾಪ್ ಕಳಿಸುವುದು ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕೆ. ನಮ್ಮದು 4ಕೆ ಟಿವಿ, ಅಂದರೆ 3840 ಮತ್ತು 2160. ಒಂದು ಚುಕ್ಕೆಯನ್ನು ನಾಲ್ಕು ಮಾಡಿದರೆ ಸರಿಯಾಗಿ ಕೂರುತ್ತದೆ. ಅಷ್ಟು ಮಾಡುವ ಬದಲು ಮೇಲೆ ಕೆಳಗೆ ತಲಾ ನೂರಕ್ಕೆ ಎರಡೂವರೆ ಭಾಗ ಕತ್ತರಿಸಿದರೆ ಏನಾಗುತ್ತದೆ ನೋಡಿ. 1080ರಲ್ಲಿ ಕೆಳಗಿನ 27 ಗೆರೆ ಹೋಯಿತು. ವಿಂಡೋಸ್ 10ರ ಟಾಸ್ಕ್‌ಬಾರ್ ಇರುವುದೇ 40 ಗೆರೆಯ ಎತ್ತರ! ಉಳಿದ ಚಿತ್ರವನ್ನು ಆ ಜಾಗ ತುಂಬಲು ಎಳೆಯುತ್ತಾರೆ, ಅಕ್ಷರವೆಲ್ಲ ಮಸುಕು. ಮದುವೆ ಫೋಟೊಗೆ ಫ್ರೇಮ್ ಹಾಕಲು ಕೊಟ್ಟರೆ ಅಂಚಿನಲ್ಲಿ ನಿಂತ ನೆಂಟರನ್ನು ಕತ್ತರಿಸಿ ಕೊಟ್ಟ ಹಾಗೆ.

ಸರಿ, ಆಫ್ ಮಾಡೋಣ ಅಂದರೆ ಅದರ ಹೆಸರೇನು? ಒಂದು ಟಿವಿಯಲ್ಲಿ ಜಸ್ಟ್ ಸ್ಕ್ಯಾನ್. ಇನ್ನೊಂದರಲ್ಲಿ ಸ್ಕ್ರೀನ್ ಫಿಟ್. ಮತ್ತೊಂದರಲ್ಲಿ ಫುಲ್ ಪಿಕ್ಸೆಲ್. ಡಾಟ್ ಬೈ ಡಾಟ್ ಅಂತಲೂ ಇದೆ, ಅನ್‌ಸ್ಕೇಲ್ಡ್ ಅಂತಲೂ ಇದೆ. ಎಲ್ಲವೂ ಮಾಡುವ ಕೆಲಸ ಒಂದೇ. ಕೆಲವು ಕಡೆ ಚಿತ್ರದ ಸೆಟ್ಟಿಂಗ್‌ನಲ್ಲಿ ಇಡುತ್ತಾರೆ, ಕೆಲವು ಕಡೆ ಆಸ್ಪೆಕ್ಟ್ ರೇಶಿಯೋ ಒಳಗೆ. ಟಿವಿ ಜೊತೆ ಬಂದ ಪುಸ್ತಕದಲ್ಲಿ ಗೋಡೆಗೆ ಮೊಳೆ ಹೊಡೆಯುವುದು, ರಿಮೋಟ್‌ಗೆ ಸೆಲ್ ಹಾಕುವುದು, ಬೆಂಕಿಯ ಹತ್ತಿರ ಇಡಬಾರದು ಎಂಬುದೆಲ್ಲ ಇದೆ. ಇದು ಮಾತ್ರ ಇಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹಾಡು ಕೇಳಿಸಿ ಕೇಳಿಸಿ ಕಾಯಿಸಿದರು. ಆಮೇಲೆ ಬಂದವರು, ಟಿವಿ ರೀಸೆಟ್ ಮಾಡಿ ಮೇಡಂ, ಅಂದರು. ಮಾಡಿದ್ದೇನೆ ಅಂದೆ. ಹಾಗಾದರೆ ಲ್ಯಾಪ್‌ಟಾಪಿನದೇ ಪ್ರಾಬ್ಲಂ, ಅಂದರು. ಲ್ಯಾಪ್‌ಟಾಪಿನವರಿಗೆ ಮಾಡಿದರೆ, ಟಿವಿಯವರನ್ನು ಕೇಳಿ, ಅಂದರು. ಓವರ್‌ಸ್ಕ್ಯಾನ್ ಆಫ್ ಮಾಡುವುದು ಎಲ್ಲಿ ಅಂತ ಮತ್ತೆ ಟಿವಿಯವರನ್ನು ಕೇಳಿದ್ದಕ್ಕೆ ಬಂದ ಉತ್ತರ: "ಮನೆಯಲ್ಲಿ ಜೆಂಟ್ಸ್ ಯಾರಾದರೂ ಇದ್ದರೆ ಫೋನ್ ಕೊಡಿ ಮೇಡಂ." ಪ್ರಶ್ನೆ ಕೇಳುತ್ತಿರುವುದು ನಾನು. ಸಮಸ್ಯೆ ಏನು ಅಂತ ಗೊತ್ತಿರುವುದೂ ನನಗೇ. ಆ ಪದವನ್ನೇ ಕೇಳಿರದ ನಿಮಗೆ ಜೆಂಟ್ಸ್ ಯಾಕೆ ಬೇಕು?

ಕೊನೆಗೆ ನಾನೇ ಮೆನು ಜಾಲಾಡಿ ಹುಡುಕಿದೆ. ಅಂಚು ಸರಿಯಾಯಿತು. ಅಕ್ಷರ ಸರಿಯಾಗಲಿಲ್ಲ. ನನಗೆ ಜಾಸ್ತಿ ಹೊಟ್ಟೆ ಉರಿದಿದ್ದು ಇದಕ್ಕೇ. ನಮ್ಮ ಲಿಪಿಯಲ್ಲಿ ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಬ ಮತ್ತು ಭ ಕೂಡ ಹಾಗೇ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಪುಟ್ಟದಾಗಿ ನೇತಾಡುತ್ತವೆ. ಟಿವಿಯ ಶಾರ್ಪ್‌ನೆಸ್ ಪ್ರತಿ ಅಕ್ಷರದ ಸುತ್ತ ಒಂದು ಬಿಳಿ ಗೆರೆ ಎಳೆದು ಆ ಸೀಳನ್ನು ಮುಚ್ಚುತ್ತದೆ. ಅದು ಸಾಲದು ಅಂತ ಬಣ್ಣದಲ್ಲಿ ಉಳಿತಾಯ. ಬೆಳಕು ಕತ್ತಲೆಯ ವಿವರ ಪ್ರತಿ ಚುಕ್ಕೆಗೂ ಇರುತ್ತದೆ, ಬಣ್ಣದ ವಿವರ ಮಾತ್ರ ನಾಲ್ಕು ಚುಕ್ಕೆಗೆ ಒಂದು. ಸಿನಿಮಾಗೆ ಅಷ್ಟು ಸಾಕು, ಗೊತ್ತೇ ಆಗುವುದಿಲ್ಲ. ಆದರೆ ಪೇಪರಿನ ಕೆಂಪು ತಲೆಬರಹ ಕಲಸಿಹೋಗುತ್ತದೆ. ಅಮ್ಮ ಕಣ್ಣುಜ್ಜಿಕೊಂಡು, ಆಪರೇಷನ್ ಸರಿಯಾಗಿಲ್ಲವೇನೋ ಅಂತ ಹೆದರಿದರು. ನಿಮ್ಮ ಹಾಳು ಸೆಟ್ಟಿಂಗ್‌ನಿಂದ ಒಬ್ಬ ವಯಸ್ಸಾದ ಹೆಂಗಸು ತನ್ನ ಕಣ್ಣನ್ನೇ ಅನುಮಾನಿಸುವ ಹಾಗಾಯಿತು.

ಪರಿಹಾರ ಏನು ಗೊತ್ತಾ? ನಮ್ಮ ಟಿವಿಯ ಮೆನುವಿನಲ್ಲಿ ಎಚ್‌ಡಿಎಂಐ ಇನ್‌ಪುಟ್‌ನ ಪುಟ್ಟ ಐಕಾನ್ ಮೇಲೆ ಹೋಗಿ ಅದರ ಹೆಸರನ್ನು ಪಿಸಿ ಅಂತ ಬದಲಿಸಬೇಕು. ಬರೀ ಹೆಸರು. ಹೆಸರು ಬದಲಿಸಿದ ತಕ್ಷಣ ಅಕ್ಷರ ಸ್ಪಷ್ಟ! ಹೆಸರು ಬದಲಿಸಿದರೆ ಚಿತ್ರ ಬದಲಾಗುತ್ತದೆ ಅಂತ ಯಾರಿಗೆ ಹೊಳೆಯಬೇಕು? ಬೇರೆ ಟಿವಿಗಳಲ್ಲಿ ಇದಕ್ಕೂ ಬೇರೆ ದಾರಿ.

ಮಗಳ ಹೊಸ ಲ್ಯಾಪ್‌ಟಾಪಿಗೆ 4ಕೆ ಬರುತ್ತದೆ. ಹಾಕಿದರೆ ಸೆಕೆಂಡಿಗೆ 30 ಚಿತ್ರವೇ. ಮೌಸ್ ಬಾಣ ಎಳೆದೆಳೆದು ಓಡುತ್ತದೆ. 60 ಬೇಕಾದರೆ ಕೇಬಲ್ ಚುಚ್ಚುವ ಟಿವಿಯ ಪೋರ್ಟ್‌ಗೆ ಇನ್ನೊಂದು ಸೆಟ್ಟಿಂಗ್ ಆನ್ ಮಾಡಬೇಕಂತೆ, ಕಾರ್ಖಾನೆಯಿಂದ ಬರುವಾಗ ಆಫ್ ಇರುತ್ತದಂತೆ. 2013ರಲ್ಲಿ ಬಂದ ಎಚ್‌ಡಿಎಂಐನ 2.0 ಆವೃತ್ತಿಗೆ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಹೊರುವ ತಾಕತ್ತಿದೆ, 4ಕೆ 60ಕ್ಕೆ ಅದು ಸಾಕು. ದುಡ್ಡು ತೆಗೆದುಕೊಂಡ ಮೇಲೆ ಅದನ್ನು ಆನ್ ಮಾಡಿ ಕೊಡಬೇಕು ತಾನೇ? 2017ರಲ್ಲಿ 48 ಗಿಗಾಬಿಟ್‌ನ 2.1 ಬಂತು. ಅದರದು ಇನ್ನೂ ಅನ್ಯಾಯ. ಅದರ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ. ಒಂದೂ ಇಲ್ಲದೆ 2.0ರ ಕೆಲಸ ಮಾತ್ರ ಮಾಡುವ ಪೋರ್ಟನ್ನೂ 2.1 ಅಂತ ಕರೆಯಲು ನಿಯಮದಲ್ಲೇ ಜಾಗವಿದೆ. ಪೆಟ್ಟಿಗೆ ಮೇಲಿನ ಅಂಕಿ ನೋಡಿ ಕೊಂಡವರ ಗತಿ ಏನು?

ಕೇಬಲ್ ಮಾರುವವರದು ಇನ್ನೊಂದು ಹಗಲು ದರೋಡೆ. ಚಿನ್ನದ ಲೇಪನ ಇದೆ, ಪಿಕ್ಚರ್ ಕ್ಲಾರಿಟಿ ಚೆನ್ನಾಗಿ ಬರುತ್ತದೆ ಅಂತ ಸಾವಿರಗಟ್ಟಲೆ ಬೆಲೆ ಹೇಳುತ್ತಾರೆ. ಇದು ಹಳೆಯ ಆಂಟೆನಾ ವೈರ್ ಅಲ್ಲ. ಒಳಗೆ ಹೋಗುವುದು ಒಂದು ಮತ್ತು ಸೊನ್ನೆ. ಸರಿಯಾಗಿ ತಲುಪಿದರೆ ಚಿತ್ರ ಪೂರ್ತಿ ಸರಿ, ತಲುಪದಿದ್ದರೆ ಮಿಣಮಿಣ ಚುಕ್ಕೆ ಬರುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಚಿನ್ನ ಹಚ್ಚಿದ ಮಾತ್ರಕ್ಕೆ ಬಣ್ಣ ಏರುವುದಿಲ್ಲ. 4ಕೆ 60ಕ್ಕೆ ಪ್ರೀಮಿಯಂ ಹೈ ಸ್ಪೀಡ್ ಅಂತ ಸ್ಕ್ಯಾನ್ ಮಾಡುವ ಲೇಬಲ್ ಇರುವ ಕೇಬಲ್ ಇದ್ದರೆ ಆಯಿತು.

ದುಡ್ಡು ಕಟ್ಟಿ ನೋಡುವ ಸಿನಿಮಾ ಹಾಕಿದರೆ ಕೆಲವು ಸಲ ಧ್ವನಿ ಮಾತ್ರ, ಚಿತ್ರ ಇಲ್ಲ. ಸಿನಿಮಾ ನಕಲು ಮಾಡದಂತೆ ತಡೆಯುವ ಎಚ್‌ಡಿಸಿಪಿ ಎಂಬ ಕಾವಲು. ಕಂಪ್ಯೂಟರ್, ನಡುವಿನ ಅಡಾಪ್ಟರ್, ಟಿವಿ ಎಲ್ಲವೂ ಒಂದನ್ನೊಂದು ಒಪ್ಪಬೇಕು. ಒಂದು ತಕರಾರು ಮಾಡಿದರೂ ಕಪ್ಪು ಪರದೆ. ಇದರ ಹಳೆಯ ಆವೃತ್ತಿಯ ಮೂಲ ರಹಸ್ಯ ಕೀಲಿ 2010ರಲ್ಲೇ ಬಯಲಾಗಿದೆ. ಕದಿಯುವವರು ಕದಿಯುತ್ತಲೇ ಇದ್ದಾರೆ. ಚಂದಾ ಕಟ್ಟಿದ ನಮಗೆ ಈ ಶಿಕ್ಷೆ.

ಇಷ್ಟೆಲ್ಲ ಆದ ಮೇಲೆ ಅಮ್ಮನ ಕೋಣೆಗೇ ಒಂದು 32 ಇಂಚಿನ ಟಿವಿ ತಂದೆವು. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಎಚ್‌ಡಿ ರೆಡಿ. ಲ್ಯಾಪ್‌ಟಾಪ್ ಹಾಕಿದಾಗ ಟಿವಿ ತನ್ನನ್ನು 1920, 1080 ಅಂತಲೇ ಹೇಳಿಕೊಂಡಿತು. ಲ್ಯಾಪ್‌ಟಾಪ್ ನಂಬಿ ಅಷ್ಟೂ ಕಳಿಸಿತು. ನಿಜವಾದ ಪರದೆ ಎಷ್ಟು? 1366, 768. ಗುಣಿಸಿ ನೋಡಿ. ಬರುವುದು 20 ಲಕ್ಷಕ್ಕೂ ಜಾಸ್ತಿ ಚುಕ್ಕೆ, ಜಾಗ ಇರುವುದು ಸುಮಾರು ಹತ್ತೂವರೆ ಲಕ್ಷಕ್ಕೆ. ಅರ್ಧ ಚುಕ್ಕೆಗಳನ್ನು ನುಂಗಿ ಉಳಿದದ್ದನ್ನು ತೋರಿಸುತ್ತದೆ. ಸರಿ, ನಿಜವಾದ 1366 ಅನ್ನೇ ಕಳಿಸೋಣ ಅಂದರೆ ಅದು ಎಂಟರಿಂದ ಭಾಗವಾಗುವ ಸಂಖ್ಯೆಯೂ ಅಲ್ಲ, ಹಾಗಾಗಿ ಅಗಲವನ್ನು ಎಂಟರ ಲೆಕ್ಕದಲ್ಲೇ ಇಡುವ ಎಷ್ಟೋ ಕಂಪ್ಯೂಟರುಗಳು 1360 ಕಳಿಸಿ ಸುಮ್ಮನಾಗುತ್ತವೆ. ಅದಕ್ಕೇ ಇದರಲ್ಲಿ ಯಾವ ಸೆಟ್ಟಿಂಗ್ ತಿರುಗಿಸಿದರೂ ಅಕ್ಷರ ಪೂರ್ತಿ ತಿಳಿಯಾಗುವುದಿಲ್ಲ. ವಾಪಸ್ ತೆಗೆದುಕೊಳ್ಳಿ ಅಂದರೆ, ಟಿವಿ ಚೆನ್ನಾಗೇ ಓಡುತ್ತಿದೆಯಲ್ಲ ಮೇಡಂ, ಡಿಫೆಕ್ಟ್ ಇದ್ದರೆ ಮಾತ್ರ ವಾಪಸ್, ಅನ್ನುತ್ತಾರೆ. ಪರದೆಯಲ್ಲಿ ನಿಜವಾಗಿ ಎಷ್ಟು ಚುಕ್ಕೆ ಇದೆ ಅಂತ ಎಚ್‌ಡಿ ರೆಡಿ ಎಂಬಷ್ಟೇ ದಪ್ಪಕ್ಷರದಲ್ಲಿ ಪೆಟ್ಟಿಗೆ ಮೇಲೆ ಯಾಕೆ ಹಾಕುವುದಿಲ್ಲ? ಯಾವ ಪೋರ್ಟ್ ಏನು ಮಾಡುತ್ತದೆ ಅಂತ ಪಕ್ಕದಲ್ಲೇ ಯಾಕೆ ಬರೆಯುವುದಿಲ್ಲ? ಕಂಪ್ಯೂಟರ್ ಜೋಡಿಸಿದೆ ಅಂತ ಟಿವಿಗೆ ಗೊತ್ತಾಗುತ್ತದೆ, ಆಗ ತಾನಾಗಿಯೇ ಸರಿಯಾಗುವ ಹಾಗೆ ಯಾಕೆ ಮಾಡುವುದಿಲ್ಲ?

ಟಿವಿ ಕೊಳ್ಳಲು ಹೊರಟವರು ದಯವಿಟ್ಟು ನಿಮ್ಮ ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ಯಿರಿ. ಅಲ್ಲೇ ಚುಚ್ಚಿಸಿ. ನಾಲ್ಕೂ ಮೂಲೆ ಕಾಣುತ್ತಿದೆಯಾ ನೋಡಿ. ಕನ್ನಡದ ಒಂದು ಪುಟ ತೆರೆದು ಧ, ಭ, ಒತ್ತಕ್ಷರಗಳನ್ನು ಕೂತುಕೊಂಡು ಓದಿ. ಅವರು ಜೋಡಿಸಲು ಬಿಡದಿದ್ದರೆ ಬಿಲ್ ಮಾಡಿಸಬೇಡಿ, ಪಕ್ಕದ ಅಂಗಡಿಗೆ ಹೋಗಿ.